ನಾನೂರ ಎಂಟು

೨೦೨೩ರ ಜೂನ್ ೧೪, ಬುಧವಾರ. ಎರಡು ಪ್ರತಿಗಳ ನಡುವೆ ಇನ್ನೂರ ಹನ್ನೆರಡು ಅಂಕಿಗಳು ತಾಳೆಯಾಗಲಿಲ್ಲ. ತಪ್ಪು ನೂರನ್ನು ದಾಟಿದರೆ ಮಾಡಿದವರನ್ನು ಕೆಲಸದಿಂದ ಬಿಡಿಸಬೇಕೆಂಬುದು ಕರಾರು. ಮುದ್ದೇಬಿಹಾಳದ ಬೆರಳಚ್ಚು ಕೇಂದ್ರದ ಮೇಲ್ವಿಚಾರಕ ಅನಿಲಕುಮಾರ, ಮೂಲ ಹಾಳೆಗಳನ್ನು ತೆರೆದು ನೋಡದೆಯೇ, ನಾಳೆಯಿಂದ ಬರಬೇಡವೆಂದು ಸುವರ್ಣಾಳಿಗೆ ಹೇಳಿದ.

ಹಿಂದೊಮ್ಮೆ ಉಪಗ್ರಹವೊಂದು ಆಕಾಶದ ಕ್ಷ-ಕಿರಣಗಳನ್ನು ಗಂಟೆಗಂಟೆಗೂ ಎಣಿಸಿ ಭೂಮಿಗೆ ಕಳಿಸಿತ್ತು. ಆ ಅಂಕಿಗಳಿದ್ದ ಟೇಪುಗಳು ಬೂಸು ಹಿಡಿದು ಕೆಟ್ಟಿದ್ದವು. ಉಳಿದದ್ದು ಅಚ್ಚಾದ ಹಾಳೆಗಳು ಮಾತ್ರ. ಒಂದೊಂದು ಹಾಳೆಯನ್ನೂ ಇಬ್ಬರು, ಒಬ್ಬರದನ್ನೊಬ್ಬರು ನೋಡದೆ, ಗಣಕಕ್ಕೆ ಏರಿಸಬೇಕು. ಹಾಳೆಗಳ ಈ ಕಟ್ಟಿನಲ್ಲಿ ಸುವರ್ಣಾಳ ಜೊತೆ ಇದ್ದವರು ಗುರುಲಿಂಗಪ್ಪ ಮಾಸ್ತರರು. ಬಸವನ ಬಾಗೇವಾಡಿಯಲ್ಲಿ ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಸುವರ್ಣಾಳಿಗೂ ಅವರೇ ಕಲಿಸಿದ್ದರು. ತಪ್ಪು ಯಾರದೆಂದು ಅನಿಲಕುಮಾರ ಎರಡು ಸಲ ಯೋಚಿಸಲಿಲ್ಲ.

ಮೂಲ ಹಾಳೆ ತೋರಿಸದ ಹೊರತು ಕುರ್ಚಿ ಬಿಡುವುದಿಲ್ಲವೆಂದಳು ಸುವರ್ಣಾ. ಹಾಳೆಗಳ ಪೆಟ್ಟಿಗೆಗೆ ಮೊಹರು ಬಿದ್ದಿದೆಯೆಂದು ಅವನು ರೇಗಿದ.

"ಸಾಲ್ಯಾಗ ಏಳನೇತ್ತಾ ಮುಗಿಸಿದ್ರೂ ಈಕಿಗೆ ಹದಿನೇಳರ ಮಗ್ಗಿ ಬರಲಿಲ್ಲ," ಎಂದರು ಮಾಸ್ತರರು, ತಲೆ ಎತ್ತದೆ.

"ಇಲ್ಲಿ ಮಗ್ಗಿ ಯಾರೂ ಕೇಳಿಲ್ರಿ. ಕಂಡದ್ದನ್ನ ಬರೀರಿ ಅಂದಾರ."

ಅವಳು ಏಳಲಿಲ್ಲ. ಕೊನೆಗೆ ಅನಿಲಕುಮಾರ ಮೊಹರು ಒಡೆದ. ಮೊದಲ ಹಾಳೆಯಲ್ಲಿ ಮೂವತ್ತೊಂದು, ನಾನೂರ ಎಂಟು, ಮೂವತ್ತೈದು ಎಂದಿತ್ತು. ಸುವರ್ಣಾ ಹಾಗೆಯೇ ಬರೆದಿದ್ದಳು. ಮಾಸ್ತರರ ಪ್ರತಿಯಲ್ಲಿ ನಡುವಿನ ಅಂಕಿ ಮೂವತ್ತಮೂರು. ಹತ್ತು ಹಾಳೆ ನೋಡಿ ಅನಿಲಕುಮಾರ ನಿಲ್ಲಿಸಿದ. ಅಂಕಿ ನೆಗೆದಲ್ಲೆಲ್ಲ ಮಾಸ್ತರರು ಹಿಂದಿನದನ್ನೂ ಮುಂದಿನದನ್ನೂ ಕೂಡಿಸಿ ಅರ್ಧ ಮಾಡಿ ಇಟ್ಟಿದ್ದರು.

ಅವರು ನಾಚಲಿಲ್ಲ. "ತಪ್ಪು ಕಂಡ್ರ ತಿದ್ದಬೇಕು. ಮೂವತ್ತೊಂದು, ಮೂವತ್ತೈದರ ನಡುವ ನಾನೂರಾ ಎಂಟು ಎಲ್ಲಿಂದ ಬರ್ತೈತಿ? ಮುಗಿಲಿಂದ ಬಿತ್ತೇನು?"

"ಹೌದ್ರಿ, ಮುಗಿಲಿಂದನ ಬಿದ್ದೈತಿ. ಎಣಸಾಕಂತನ ಉಪಗ್ರಹ ಮ್ಯಾಲ ಕಳಿಸಿದ್ರು," ಎಂದಳು ಸುವರ್ಣಾ.

ಅನಿಲಕುಮಾರ ದನಿ ತಗ್ಗಿಸಿದ. ನಾಳೆಯೂ ಬರಬಹುದೆಂದು ಸುವರ್ಣಾಳಿಗೆ ಹೇಳಿ, ತಿದ್ದುಪಡಿಯ ವಹಿಯನ್ನು ಮಾಸ್ತರರ ಮುಂದಿಟ್ಟ; ಕರಾರಿನ ಮಾತು ಎತ್ತಲಿಲ್ಲ. ಬದಲಾದ ಪ್ರತಿಯೊಂದು ಅಂಕಿಗೂ ಅದರಲ್ಲಿ ಬದಲಿಸಿದವರ ಹೆಸರು ಮತ್ತು ಕಾರಣ ಬರೆಯಬೇಕು. ಸಂಜೆಯವರೆಗೆ ಬರೆದು ಮಾಸ್ತರರು ವಹಿಯನ್ನು ಪರಿಶೀಲನೆಗೆ ತಂದರು. ಇನ್ನೊಂದು ಪ್ರತಿ ಮಾಡಿದವಳಾಗಿ ಅದನ್ನು ಪರಿಶೀಲಿಸಿ ಸಹಿ ಮಾಡಬೇಕಾದವಳು ಸುವರ್ಣಾ. ಕಾರಣದ ಅಂಕಣದ ಉದ್ದಕ್ಕೂ 'ಮುದ್ರಣದೋಷ' ಎಂದಿತ್ತು. ಅಷ್ಟಕ್ಕೇ ಮುಗಿಸಿಬಿಡೆಂದು ಅನಿಲಕುಮಾರ ಅವಳಿಗೆ ಸೂಚಿಸಿದ.

ಅವಳು ವಹಿಯನ್ನು ಮೇಜಿನ ಮೇಲೆ ಹಿಂದಕ್ಕೆ ನೂಕಿದಳು.

"ಹಿಂಗ ಬರದ್ರ ಮುಂದ ಓದಾವ್ರು ಈ ಅಂಕಿ ಸುಳ್ಳಂತ ಒಗೀತಾರ್ರಿ. ದೋಷ ಹಾಳ್ಯಾಗಿಲ್ಲ."

ಬಾಗೇವಾಡಿಯ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಮಾಸ್ತರರು ಗಡಿಯಾರ ನೋಡಿದರು, ಅನಿಲಕುಮಾರನನ್ನು ನೋಡಿದರು. ಅವನು ಕಿಟಕಿಯ ಕಡೆ ತಿರುಗಿದ. ಅವರು ಪೆನ್ನು ತೆರೆದು ಮೊದಲ ಸಾಲನ್ನು ಹೊಡೆದುಹಾಕಿ, ಮೇಲೆ ದುಂಡಾದ ಅಕ್ಷರಗಳಲ್ಲಿ 'ನಾನು ನಂಬಲಿಲ್ಲ' ಎಂದು ಬರೆದರು. ಉಳಿದ ಸಾಲುಗಳನ್ನೂ ಒಂದೊಂದಾಗಿ ಹೊಡೆದು, ಮೇಲಿನ ಕಾರಣವೇ ಎಂಬರ್ಥದಲ್ಲಿ, 'ಸದರಿ' ಎಂದು ಬರೆಯುತ್ತ ಹೋದರು. ಬಸ್ಸು ಹೋದ ಸದ್ದು ಕೇಳಿತು. ಕೈ ನಿಲ್ಲಲಿಲ್ಲ.

ಸುವರ್ಣಾ ವಹಿಯನ್ನು ತನ್ನೆಡೆಗೆ ಎಳೆದುಕೊಂಡು, ಅಳತೆಪಟ್ಟಿಯನ್ನು ಸಾಲಿನಿಂದ ಸಾಲಿಗೆ ಸರಿಸುತ್ತ, ಹಾಳೆಗೂ ವಹಿಗೂ ತಾಳೆ ನೋಡತೊಡಗಿದಳು. ಮಾಸ್ತರರು ಮೇಜಿನ ಈಚೆಗೆ ನಿಂತಿದ್ದರು. ಪಕ್ಕದಲ್ಲಿ ಕುರ್ಚಿಯಿತ್ತು. ಅವಳು ಕೂಡ್ರಲು ಹೇಳಲಿಲ್ಲ.