ಚಿಲಕದ ಮಾತು

ಊರಿಗೆಲ್ಲ ಬಾಯಿಪಾಠವಾಗಿರುವ ಸಿನಿಮಾವನ್ನು ನಾಟಕ ಮಾಡಿದರೆ ನಟನಿಗೆ ಉಳಿಯುವುದೇನು? ಬೆವರು. ಅದೂ ಸಿನಿಮಾದ ಹೀರೋಗೆ ಎಲ್ಲಿ ಬಂದಿತ್ತೋ ಅಲ್ಲೇ ಬರಬೇಕು.

ನನ್ನ ಸೋದರಮಾವನ ನಾಟಕ ಕಂಪನಿಯಲ್ಲಿ ನಾನೇ ಆ ಹೀರೋ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಮಾವ ಕರೆದು ಇಟ್ಟುಕೊಂಡದ್ದು ನನ್ನ ಮೂಗು, ಗಲ್ಲ ನೋಡಿ. ಎರಡೂ ಆ ಸಿನಿಮಾ ಹೀರೋನವೇ. ಕಂಪನಿಯಲ್ಲಿ ನನ್ನನ್ನು ಕರೆಯುವುದು ಝೆರಾಕ್ಸ್ ಅಂತ. ತಾಲೀಮಿನ ಕೋಣೆಯಲ್ಲಿ ಒಂದು ಹಳೆಯ ಟಿವಿ ಇದೆ. ಮಾವ ಅದರಲ್ಲಿ ಸಿನಿಮಾ ಹಾಕಿ ಧ್ವನಿ ತೆಗೆದುಬಿಡುತ್ತಾನೆ. ಅಲ್ಲಿ ತುಟಿ ಅಲ್ಲಾಡಿದಾಗ ಇಲ್ಲಿ ನನ್ನ ತುಟಿ ಅಲ್ಲಾಡಬೇಕು. ಒಂದು ಸಲ ನನಗೆ ಕೆಮ್ಮು ಬಂತು. ಮಾವ ಸಿನಿಮಾ ನಿಲ್ಲಿಸಿ ಕೇಳಿದ: "ಅವನು ಕೆಮ್ಮಿದ್ನಾ?"

ಇಷ್ಟು ಸಾಲದು ಅಂತ, ಆಟ ಮುಗಿದ ಮೇಲೆ ಮಾವ ಬಾಗಿಲಲ್ಲಿ ನಿಂತು ಹೊರಡುವವರನ್ನೆಲ್ಲ ವಿಚಾರಿಸುತ್ತಾನೆ. "ಎಲ್ಲಾದ್ರೂ ತಪ್ತಾ ಸಾರ್?" ಜನಕ್ಕೆ ಇದಕ್ಕಿಂತ ಖುಷಿ ಬೇರೆ ಬೇಕಾ? "ಜೈಲಿಂದ ಬರುವಾಗ ಅವನ ಎಡಗೈ ಜೇಬಲ್ಲಿರುತ್ತೆ. ನಿಮ್ಮ ಹುಡುಗ ಬಲಗೈ ಇಟ್ಟ." ಮರುದಿನ ನೋಡಿದರೆ ನನ್ನ ಪ್ಯಾಂಟಿನ ಬಲಜೇಬನ್ನು ಹೊಲಿದು ಮುಚ್ಚಿದ್ದಾರೆ! ಹೊಲಿದವನು ದಿನಾ ಮುಂದಿನ ಸಾಲಿನಲ್ಲಿ ಕೂತು ಆಟ ನೋಡುವ ದರ್ಜಿ. ಒಂದು ಆಟವನ್ನೂ ತಪ್ಪಿಸುವುದಿಲ್ಲ, ಪುಣ್ಯಾತ್ಮ. ನಾನು ಬಾಯಿ ತೆಗೆಯುವ ಅರ್ಧ ಉಸಿರು ಮೊದಲೇ ಅವನ ತುಟಿ ಆ ಮಾತನ್ನು ಆಡಿ ಮುಗಿಸಿರುತ್ತದೆ. ವೇದಿಕೆಯ ಮೇಲೆ ನಿಂತವನು ನಾನು, ಪ್ರತಿಧ್ವನಿಯೂ ನಾನೇ.

ಕೊನೆಯ ದೃಶ್ಯ ಎಲ್ಲರಿಗೂ ಗೊತ್ತು. ಮಗ ಬರಲಿ ಅಂತ ತಾಯಿ ವರ್ಷಗಟ್ಟಲೆ ಬಾಗಿಲಿಗೆ ಚಿಲಕ ಹಾಕದೆ ಕಾದಿರುತ್ತಾಳೆ. ಅವನು ಜೈಲಿನಿಂದ ಬರುವಾಗ ಕುರ್ಚಿಯಲ್ಲಿ ಕೂತಲ್ಲೇ ಸತ್ತಿರುತ್ತಾಳೆ. ಅವನು ನಿಂತುಕೊಂಡು, ಮುಖ ಓರೆ ಮಾಡಿ ಹೇಳುತ್ತಾನೆ: "ಬಂದಿದೀನಿ ಕಣಮ್ಮ. ಇನ್ನು ಚಿಲಕ ಹಾಕ್ಕೋ." ಈ ಮಾತು ಲಾರಿಗಳ ಹಿಂದೆ ಇದೆ, ಬನಿಯನ್ನುಗಳ ಮೇಲೆ ಇದೆ. ಕುಡಿದು ಮನೆಗೆ ಬರುವ ಗಂಡಂದಿರೂ ಹೆಂಡತಿಗೆ ಇದನ್ನೇ ಹೇಳುತ್ತಾರಂತೆ. ನಮ್ಮ ವೇದಿಕೆಯ ಬಾಗಿಲು ಮಾತ್ರ ಪ್ಲೈವುಡ್ಡಿಗೆ ಬಳಿದ ಬಣ್ಣ. ಚಿಲಕ ನಿಜವಾದದ್ದೇ, ಆದರೆ ಮೊಳೆ ಹೊಡೆದು ಕೂರಿಸಿದ್ದಾರೆ. ಅತ್ತಲೂ ಸರಿಯದು, ಇತ್ತಲೂ ಸರಿಯದು.

ಹೊಸ ನಾಟಕ ಕಟ್ಟುವ ಒಬ್ಬ ಮೇಡಂ ಒಂದು ದಿನ ಆಟ ನೋಡಿ, ಟೀ ಅಂಗಡಿಯ ಹತ್ತಿರ ನನ್ನನ್ನು ನಿಲ್ಲಿಸಿದರು. ಅವರ ತಂಡಕ್ಕೆ ಒಬ್ಬ ನಟ ಬೇಕಾಗಿದ್ದ.

"ಕಾಪಿ ಚೆನ್ನಾಗಿ ಮಾಡ್ತೀರಿ. ಅದು ನನಗೆ ಬೇಡ. ನಿಮ್ಮದು ಅಂತ ಏನಾದ್ರೂ ಇದ್ಯಾ? ಒಂದೇ ಒಂದು ತೋರಿಸಿ, ಕರ್ಕೊಂಡು ಹೋಗ್ತೀನಿ. ಭಾನುವಾರ ಮತ್ತೆ ಬರ್ತೀನಿ."

ನನ್ನದು ಅಂತ ಒಂದಿತ್ತು. ಅಷ್ಟು ವರ್ಷ ತಡವಾಗಿ ಬಂದ ಮಗನಿಗೆ ಮಾತು ಹೊರಡುತ್ತದಾ? ನನಗಂತೂ ಹೊರಡದು. ನಾನಾಗಿದ್ದರೆ ನೆಲಕ್ಕೆ ಕೂರುತ್ತಿದ್ದೆ. ಅಮ್ಮನ ಕಾಲಿಂದ ಜಾರಿದ ಚಪ್ಪಲಿಯನ್ನು ಮತ್ತೆ ತೊಡಿಸುತ್ತಿದ್ದೆ, ಅಷ್ಟೆ. ಇದನ್ನು ಮಾವನಿಗೆ ಹೇಳಿದ್ದೆ. "ಯೋಚನೆ ಮಾಡೋಕೆ ನಿನ್ನ ಇಟ್ಕೊಂಡಿಲ್ಲ" ಅಂದಿದ್ದ.

ಭಾನುವಾರ ಸಂಜೆ, ತಾಯಿಯ ಪಾತ್ರ ಮಾಡುವ ಅಕ್ಕನ ಹತ್ತಿರ ಹೋದೆ. ನನಗಿಂತ ಸ್ವಲ್ಪ ದೊಡ್ಡವಳು, ಅಷ್ಟೆ. ತಲೆಯ ಬಿಳುಪೆಲ್ಲ ಪೌಡರು.

"ಅಕ್ಕ, ಇವತ್ತು ಸತ್ತ ಮೇಲೆ ಒಂದು ಚಪ್ಪಲಿ ಜಾರಿಸ್ತೀಯಾ?"

"ಸತ್ತವಳಿಗೂ ಕೆಲಸ ಹೇಳ್ತೀಯಲ್ಲೋ!"

"ಜಾರಿಸ್ತೀಯೋ ಇಲ್ವೋ?"

"ಜಾರಿಸ್ತೀನಿ ಬಿಡು. ನಿಮ್ಮ ಮಾವ ಕೇಳಿದ್ರೆ ಜೋಮು ಹಿಡಿದಿತ್ತು ಅಂತೀನಿ."

"ಸತ್ತವರಿಗೆ ಜೋಮು ಹಿಡಿಯುತ್ತಾ?"

"ಈ ಕಂಪನೀಲಿ ಒಂದು ಸಲ ಸತ್ತು ನೋಡು, ಗೊತ್ತಾಗುತ್ತೆ."

ಕೊನೆಯ ದೃಶ್ಯ ಬಂತು. ಮೇಡಂ ನಾಲ್ಕನೇ ಸಾಲಿನ ತುದಿಯಲ್ಲಿದ್ದರು, ಕನ್ನಡಕ ಹೊಳೆಯುತ್ತಿತ್ತು. ಅಕ್ಕನ ಚಪ್ಪಲಿ ಜಾರಿತು. ನಾನು ಕೂತೆ. ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದೆ. ತಣ್ಣಗಿತ್ತು. ನಾಟಕ ಅನ್ನುವುದೇ ಮರೆತುಹೋಯಿತು. ಇಡೀ ಹಾಲ್ ಗಪ್‌ಚಿಪ್. ಆ ಮೌನ ನನ್ನದು, ಯಾವ ಟಿವಿಯಲ್ಲೂ ಇರಲಿಲ್ಲ.

ಆಗ ಮುಂದಿನ ಸಾಲಿನಿಂದ ಪಿಸುಮಾತು ಬಂತು. ನನಗೆ ಮಾತು ಮರೆತಿದೆ ಅಂದುಕೊಂಡು ದರ್ಜಿ ನೆನಪಿಸುತ್ತಿದ್ದ, ಪಾಪ.

"ಬಂದಿದೀನಿ ಕಣಮ್ಮ..."

ನಾನು ತಲೆ ಎತ್ತಲಿಲ್ಲ, ಚಪ್ಪಲಿ ತೊಡಿಸುತ್ತಿದ್ದೆ. ಅವನು ಗಟ್ಟಿಯಾಗಿ ಹೇಳಿದ. ಹಿಂದಿನ ಸಾಲು ಸೇರಿತು, ಬಾಲ್ಕನಿ ಸೇರಿತು. "ಇನ್ನು ಚಿಲಕ ಹಾಕ್ಕೋ!" ಇಡೀ ಹಾಲ್ ಒಂದೇ ಗಂಟಲಲ್ಲಿ ಕೂಗಿತು. ಪ್ಲೈವುಡ್ಡಿನ ಬಾಗಿಲು ನಡುಗಿತು. ಶಿಳ್ಳೆ, ಚಪ್ಪಾಳೆ, ಅಳು. ನಾನು ಎದ್ದು ನಿಂತು, "ಮರೆತಿಲ್ಲ ಕಣ್ರೀ! ನಾನು ಮರೆತಿಲ್ಲ!" ಅಂತ ಕಿರುಚಿದೆ. ಅದಕ್ಕೂ ಶಿಳ್ಳೆ ಹೊಡೆದರು.

ಬಣ್ಣದ ಕೋಣೆಗೆ ಮೇಡಂ ಬಂದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಎಂಥಾ ಜನ ಕಣ್ರೀ ನಿಮಗೆ! ನಾನೂ ಹೇಳ್ಬಿಟ್ಟೆ ಗೊತ್ತಾ? ಬಾಯಿ ಯಾವಾಗ ತೆರೀತೋ ಗೊತ್ತಾಗ್ಲೇ ಇಲ್ಲ."

"ಮೇಡಂ, ಚಪ್ಪಲಿ..."

"ಯಾವ ಚಪ್ಪಲಿ?"

"ನಾನು ಕೂತೆನಲ್ಲ. ಕಾಲಿಗೆ ಹಾಕಿದೆನಲ್ಲ."

"ಹೌದಾ? ತಿರುಗಿ ಜನರನ್ನೇ ನೋಡ್ತಾ ಇದ್ದೆ." ಕನ್ನಡಕ ಹಾಕಿಕೊಂಡು, "ನೀವು ಎಲ್ಲಿಗೆ ಬಂದ್ರೂ ಜನ ಆ ಮಾತಿಗೇ ಕಾಯ್ತಾರೆ ಅನ್ಸುತ್ತೆ. ನನ್ನ ನಾಟಕದಲ್ಲೂ" ಅಂದರು. ನನ್ನ ಮುಖವನ್ನು ನೋಡುತ್ತಲೇ ಅಂದರು. ಹೋದರು.

ಅವರ ಹಿಂದೆಯೇ ಮಾವ ನುಗ್ಗಿ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ತಬ್ಬಿಕೊಂಡ!

"ಝೆರಾಕ್ಸು, ಇಷ್ಟು ದಿನ ಈ ಬುದ್ಧಿ ಎಲ್ಲಿ ಅಡಗಿಸಿಟ್ಟಿದ್ದೆಯೋ? ಬಾಗಿಲಲ್ಲಿ ಒಬ್ಬನಾದ್ರೂ ತಪ್ಪು ಅನ್ಲಿಲ್ಲ. ನಾಳೆಯಿಂದ ಇದೇ. ನೀನು ಬಾಯಿ ಮುಚ್ಕೊಂಡಿರು, ಜನ ಹೇಳ್ಕೋತಾರೆ."

"ಮಾವ, ಅದು ಅದಕ್ಕಲ್ಲ ನಾನು..."

"ಆ ಚಪ್ಪಲಿ ಮಾತ್ರ ಬೇಡ. ಸಿನಿಮಾದಲ್ಲಿಲ್ಲ."

ಮರುದಿನ ಗೋಡೆಗಳಿಗೆಲ್ಲ ಹೊಸ ಪೋಸ್ಟರು ಹತ್ತಿತ್ತು: "ಬನ್ನಿ, ನೀವೇ ಹೇಳಿ!" ಹಾಲ್ ತುಂಬಿ, ಗೋಡೆಗೆ ಒರಗಿ ಕೂಡ ಜನ ನಿಂತಿದ್ದರು. ಕೊನೆಯ ದೃಶ್ಯದಲ್ಲಿ ನಾನು ಕೂತೆ. ಅಕ್ಕನ ಎರಡೂ ಚಪ್ಪಲಿಗಳನ್ನು ದಾರದಿಂದ ಕಾಲಿಗೆ ಬಿಗಿದಿದ್ದರು. ದರ್ಜಿಯ ದಾರ. ಕೈಗೆ ಮಾಡಲು ಏನೂ ಇರಲಿಲ್ಲ. ಬಲಜೇಬೂ ಇರಲಿಲ್ಲ.

ಮೈಯೆಲ್ಲ ಉರಿಯಿತು. ಆಯಿತು, ಆ ಹಾಳು ಮಾತನ್ನಾದರೂ ನಾನೇ ಆಡುತ್ತೇನೆ ಅಂತ ಹಟ ಹುಟ್ಟಿತು. ಎದ್ದು, ಮುಖ ಓರೆ ಮಾಡಿ, "ಬಂದಿ" ಅನ್ನುವಷ್ಟರಲ್ಲಿ ದರ್ಜಿ ತುಟಿಯ ಮೇಲೆ ಬೆರಳಿಟ್ಟ.

"ಶ್!"

ಮುಂದಿನ ಸಾಲಿಗೆ ಸಾಲೇ ನನ್ನನ್ನು ಗದರಿಸಿತು. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಸತ್ತಿದ್ದ ಅಕ್ಕ ತುಟಿ ಅಲ್ಲಾಡಿಸದೆ, ನನಗೊಬ್ಬನಿಗೇ ಕೇಳುವಂತೆ ಪಿಸುಗುಟ್ಟಿದಳು:

"ಕೂತ್ಕೋ, ನನ್ನಪ್ಪ. ಅವರೇ ಹೇಳ್ತಾರೆ."

ಕೂತೆ. ಹೇಳಿದರು.