ಮೆಟ್ಟಿಲ ಕೆಳಗಿದ್ದ ಬೆಂಕಿ ನಲ್ಲಿ

ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರಣ್ಣನ ಅಂಗಡಿಯ ಹೊಸ್ತಿಲು ರಸ್ತೆಗಿಂತ ಒಂದು ಮೊಳ ಎತ್ತರ. ಪುಸ್ತಕ ಹೊಲಿಯಲು ಬರುವ ಅವನ ಅಕ್ಕನಿಗೆ ಮಂಡಿನೋವು. "ಒಂದು ಮೆಟ್ಟಿಲು ಹಾಕ್ಸೋ ಮಾರಾಯ, ನಿನ್ನ ಅಂಗಡಿ ಹತ್ತೋದ್ರಲ್ಲೇ ನನ್ನ ಅರ್ಧ ಆಯಸ್ಸು ಮುಗೀತು" ಅಂತ ಅವಳು ದಿನಾ ಗೊಣಗುತ್ತಿದ್ದಳು. ಕೊನೆಗೂ ಒಂದು ದಿನ ಗಾರೆಯವನು ಬಂದ.

"ಇಲ್ಲೊಂದು ಕಬ್ಬಿಣದ ಮುಚ್ಚಳ ಇದೆಯಲ್ಲಣ್ಣ, ಏನ್ಮಾಡ್ಲಿ?"

"ಅದೇನು ನಿನ್ನ ಕಚ್ಚುತ್ತಾ? ಅದರ ಮೇಲೇ ಕಟ್ಟು."

ಮರುದಿನ ಗಂಟೆ ತಾತ ಬಂದರು. ಊರಿನ ಮೊಟ್ಟಮೊದಲ ಬೆಂಕಿ ಆರಿಸುವ ಗಾಡಿಯನ್ನು ಇಪ್ಪತ್ತೆಂಟು ವರ್ಷ ಓಡಿಸಿದವರು. ಅದರ ಹಿತ್ತಾಳೆ ಗಂಟೆ ಬಾರಿಸುತ್ತಾ ಬರುತ್ತಿದ್ದರಿಂದ ಆ ಹೆಸರು. ಈಗ ಆ ಗಾಡಿ ಅಗ್ನಿಶಾಮಕ ಠಾಣೆಯ ಮುಂದೆ ನಿಂತಲ್ಲೇ ನಿಂತಿದೆ. ತಾತ ಬೆಳಗ್ಗೆ ಅದರ ಧೂಳು ಒರೆಸುತ್ತಾರೆ, ಮಧ್ಯಾಹ್ನ ಹಳೇ ನಕ್ಷೆಯೊಂದನ್ನೂ ಹಳದಿ ಬಣ್ಣದ ಡಬ್ಬಿಯನ್ನೂ ಹಿಡಿದು ಬೀದಿ ಸುತ್ತುತ್ತಾರೆ.

"ಇಲ್ಲೊಂದು ಬೆಂಕಿ ನಲ್ಲಿ ಇತ್ತಲ್ಲಪ್ಪ?"

"ನಲ್ಲಿ ಇರೋದು ನೀರಿಗಲ್ವಾ ತಾತ?" ಅಂದ ಬೈಂಡರಣ್ಣ.

ತಾತ ಬೇಜಾರು ಮಾಡಿಕೊಳ್ಳಲಿಲ್ಲ. "ನಮ್ಮ ಹಳೇ ಗಾಡಿ ಹೊತ್ತು ತರ್ತಿದ್ದ ನೀರು ಒಂದು ಅಡುಗೆಮನೆ ಬೆಂಕಿಗೂ ಸಾಲ್ತಿರಲಿಲ್ಲ. ಅದಕ್ಕೇ ಠಾಣೆ ಕಟ್ಟಿದ ವರ್ಷವೇ ಪ್ರತಿ ಬೀದೀಲೂ ನೆಲದಡಿ ಕೊಳವೆಗೆ ನಲ್ಲಿ ಕೂರಿಸಿ ಮುಚ್ಚಳ ಹಾಕಿದ್ರು. ಮುಚ್ಚಳ ತೆಗೆದು ಪೈಪ್ ಸಿಕ್ಕಿಸಿದ್ರೆ ಆಯ್ತು, ನೀರಿಗೆ ಕೊರತೆ ಇಲ್ಲ."

"ಅದು ನಿಮ್ಮ ಕಾಲ. ಈಗಿನ ಗಾಡಿ ಆನೆ ಇದ್ದ ಹಾಗಿದೆ."

"ಆನೆಯೇ. ಆದ್ರೆ ಜೋರಾಗಿ ಬಿಟ್ರೆ ಆರೇಳು ನಿಮಿಷಕ್ಕೆ ಆ ಆನೆ ಹೊಟ್ಟೆಯೂ ಖಾಲಿ. ಆಮೇಲೆ?"

"ಆಮೇಲಿಂದು ಆಮೇಲೆ. ಮೊದಲು ನಮ್ಮಕ್ಕನ ಮಂಡಿ ನೋಡಿ."

"ಮೆಟ್ಟಿಲು ಬೇಡ ಅಂದ್ನಾ? ಎರಡು ಹೆಜ್ಜೆ ಆಚೆ ಕಟ್ಟಿಸು. ಗಾರೆ ಇನ್ನೂ ಹಸಿಯಾಗಿದೆ."

ಎದುರುಮನೆಯ ಹಾಸಿಗೆಯಣ್ಣ ಹತ್ತಿ ಹಿಂಜುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. "ಸುಮ್ಮನೆ ಗಂಟಲು ನೋಯಿಸ್ಕೋಬೇಡಿ ತಾತ, ಅವನ ತಲೆಗಿಂತ ಆ ಗಾರೆಯೇ ಮೆತ್ತಗಿದೆ!" ಅಂತ ಕೂಗಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನಕ್ಕಳು. ಅಕ್ಕನೂ ನಕ್ಕಳು.

"ಸರಿ ತಾತ, ನಾಳೆ ತೆಗೆಸ್ತೀನಿ" ಅಂದ ಬೈಂಡರಣ್ಣ, ಅವರನ್ನು ಸಾಗಹಾಕಲು. ಆ ನಾಳೆ ಬರಲೇ ಇಲ್ಲ. ಗಾರೆ ಕಲ್ಲಾಯಿತು.

ನಾಲ್ಕು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಎದುರಿನಿಂದ "ಅಯ್ಯೋ" ಅಂತ ಕೂಗು. ಹಾಸಿಗೆಯಣ್ಣನ ಮನೆಯ ಕೆಳಗಿನ ಕೋಣೆಯಲ್ಲಿ ಹತ್ತಿಯ ರಾಶಿಗೆ ಬೆಂಕಿ ಹತ್ತಿತ್ತು. ಅವನ ಹೆಂಡತಿ ಹೊರಗೋಡಿ ಬಂದಿದ್ದಳು. ಅವನು ಊಟ ಮುಗಿಸಿ ಮಹಡಿ ಮೇಲೆ ಮಲಗಿದ್ದ. ಮೆಟ್ಟಿಲಸಾಲು ಆಗಲೇ ಉರಿಯುತ್ತಿತ್ತು.

ಅಕ್ಕ ಫೋನ್ ಮಾಡಿದಳು. ಗಾಡಿ ತಡ ಮಾಡಲಿಲ್ಲ, ಐದೇ ನಿಮಿಷಕ್ಕೆ ಬಂತು. ನೀರು ಬಿದ್ದ ಕಡೆ ಜ್ವಾಲೆ ತಗ್ಗಿತು. ಕಿಟಕಿಯಲ್ಲಿ ಹಾಸಿಗೆಯಣ್ಣನ ಕೈ ಕಂಡಿತು. ಏಣಿ ಎತ್ತುವಷ್ಟರಲ್ಲಿ ಪೈಪಿನ ನೀರು ಸೊರಗಿತು, ಸಣ್ಣಗಾಯಿತು, ನಿಂತೇಹೋಯಿತು. ಬೆಂಕಿ ಮತ್ತೆ ಎದ್ದಿತು. ಏಣಿ ಹಿಡಿದವರು ಹಿಂದೆ ಸರಿಯಬೇಕಾಯಿತು.

"ಎರಡನೇ ಗಾಡಿ ಬರೋಕೆ ಇನ್ನೂ ಹೊತ್ತಿದೆ. ಬೆಂಕಿ ನಲ್ಲಿ ಎಲ್ಲಿ? ನಕ್ಷೆಯಲ್ಲಿ ಇಲ್ಲೇ ಅಂತಿದೆ!" ಠಾಣೆಯ ಅಧಿಕಾರಿ ನೆಲ ನೋಡುತ್ತಾ ಓಡಾಡಿದರು.

ಬೈಂಡರಣ್ಣ ತನ್ನ ಮೆಟ್ಟಿಲ ಕಡೆ ತಿರುಗಿದ. ಆ ಮಾತು ಬಾಯಿಂದ ಹೊರಡಲು ಎಷ್ಟು ಹೊತ್ತಾಯಿತೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

"ನನ್ನ ಮೆಟ್ಟಿಲ ಕೆಳಗೆ" ಅಂದ.

ಹಾರೆ ಬಂತು, ಸುತ್ತಿಗೆ ಬಂತು. ಅವನೂ ಹುಚ್ಚನ ಹಾಗೆ ಕುಟ್ಟಿದ. ಅಂಗೈ ಒಡೆದು ರಕ್ತ ಬಂತು. ಕಲ್ಲು ಸೀಳಿ, ಗಾರೆ ಕೆತ್ತಿ, ಮುಚ್ಚಳ ಏಳಲು ಹನ್ನೊಂದು ನಿಮಿಷ. ನಲ್ಲಿ ತಿರುಗಿಸಿದ ಕೂಡಲೇ ನೀರು ಭೋರ್ಗರೆದು ಬಂತು. ಅಷ್ಟು ವರ್ಷವೂ ಅದು ಅಲ್ಲೇ ಇತ್ತು.

ಬೆಂಕಿ ಆರಿತು. ಹಾಸಿಗೆಯಣ್ಣನನ್ನು ಇಳಿಸಿದರು. ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ. ಹೊಗೆಯೇ ಅವನ ಉಸಿರು ತೆಗೆದುಕೊಂಡಿತ್ತು.

ಹತ್ತು ದಿನ ಬೈಂಡರಣ್ಣ ಅಂಗಡಿ ತೆರೆಯಲಿಲ್ಲ. "ನನ್ನ ಮಂಡಿಗೋಸ್ಕರ ಅಲ್ವೇನೋ" ಅಂತ ಅಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಹನ್ನೊಂದನೇ ದಿನ ಅವನು ಹಾಸಿಗೆಯಣ್ಣನ ಹೆಂಡತಿ ಇದ್ದಲ್ಲಿಗೆ ಹೋದ. ಅವಳು ತಂಗಿಯ ಮನೆಯಲ್ಲಿ, ಬಂದವರಿಗೆಂದು ಇಟ್ಟಿದ್ದ ಕುರ್ಚಿಯೊಂದರಲ್ಲಿ ಕೂತಿದ್ದಳು.

"ಅತ್ತಿಗೆ, ತಪ್ಪು ನಂದು."

ಅವಳು ಕೇಳಿದಳು: "ತಾತ ಹೇಳಿದ್ದು ನಿಂಗೆ ಅರ್ಥ ಆಗಿತ್ತು ತಾನೇ?"

"ಆಗಿತ್ತು."

"ನಮಗೂ ಆಗಿತ್ತು. ನಮ್ಮನೆಯವರು ತಮಾಷೆ ಮಾಡಿದ್ರು, ನಾನು ನಕ್ಕೆ." ಅವಳು ಕುರ್ಚಿಯಿಂದ ಎದ್ದಳು. "ಇಲ್ಲಿ ಕೂತು ಅಳಬೇಡ. ಇನ್ನೂ ಯಾವ ಯಾವ ಬೀದೀಲಿ ನಲ್ಲಿ ಮುಚ್ಚಿ ಹಾಕಿದ್ದಾರೋ, ಅಲ್ಲಿಗೆ ಹೋಗಿ ಹೇಳು."

ಕ್ಷಮಿಸಿದೆ ಅಂತ ಅವಳು ಅನ್ನಲಿಲ್ಲ. ಅವನೂ ಕೇಳಲಿಲ್ಲ.

ಅವತ್ತಿನಿಂದ ಬೈಂಡರಣ್ಣ ತಾತನ ಜೊತೆ ಸುತ್ತುತ್ತಾನೆ. ಮೊನ್ನೆ ಹಿಂದಿನ ಬೀದಿಯ ಕ್ಷೌರಿಕನ ಅಂಗಡಿ ಮುಂದೆ, ಮುಚ್ಚಳದ ಮೇಲೆ ಆರು ಹೂಕುಂಡ ಕಂಡವು.

"ಹೂಕುಂಡ ತಾನೇ? ಬೇಕಾದಾಗ ಸರಿಸಿದ್ರಾಯ್ತು. ಅಷ್ಟಕ್ಕೂ ನಮ್ಮ ಬೀದಿಗೆ ಯಾವತ್ತು ಬೆಂಕಿ ಬಿದ್ದಿದೆ?" ಅಂದ ಕ್ಷೌರಿಕ.

ಬೈಂಡರಣ್ಣ ತನ್ನ ಅಂಗೈ ಬಿಚ್ಚಿ ತೋರಿಸಿದ. ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. "ಅಣ್ಣಾ, ನಾನೂ ಹೀಗೇ ಅಂದಿದ್ದೆ" ಅಂದವನೇ, ನಡೆದದ್ದನ್ನೆಲ್ಲ ಹೇಳಿದ. ಹಾಸಿಗೆಯಣ್ಣನ ತಮಾಷೆಯನ್ನೂ ಬಿಡದೆ ಹೇಳಿದ.

ಕ್ಷೌರಿಕನ ಹೆಂಡತಿ ಪೂರ್ತಿ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೊದಲ ಕುಂಡ ಎತ್ತಿದಳು. "ನೋಡ್ತಾ ನಿಂತಿದ್ದೀರಲ್ಲ, ಒಂದು ಕೈ ಕೊಡಿ!" ಅಂತ ಗಂಡನನ್ನು ಗದರಿದಳು. ಐದು ನಿಮಿಷದಲ್ಲಿ ಮುಚ್ಚಳ ಬಯಲಾಯಿತು. ತಾತ ಬಗ್ಗಿ ಅದರ ಸುತ್ತ ಹಳದಿ ಬಳಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಒಮ್ಮೆ ನಿಮ್ಮ ಬೀದಿಗೆ ಇಳಿದು ನೆಲ ನೋಡಿ. ಬೆಂಕಿ ನಲ್ಲಿಯ ಮುಚ್ಚಳ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಅಗ್ನಿಶಾಮಕ ಠಾಣೆಯಲ್ಲಿ ಕೇಳಿ, ತೋರಿಸುತ್ತಾರೆ. ಅದರ ಮೇಲೆ ಮೆಟ್ಟಿಲು ಕಟ್ಟಬೇಡಿ, ಗಾಡಿ ನಿಲ್ಲಿಸಬೇಡಿ, ಮರಳು ಸುರಿಯಬೇಡಿ. ಈಗಾಗಲೇ ಮುಚ್ಚಿದ್ದರೆ ಠಾಣೆಗೆ ತಿಳಿಸಿ, ಬಿಚ್ಚಿಸಿ. ಬೆಂಕಿ ಆರಿಸುವವರು ಓಡೋಡಿ ಬರುತ್ತಾರೆ. ಅವರ ಕೈಗೆ ನೀರು ಸಿಗುವ ಹಾಗೆ ನೋಡಿಕೊಳ್ಳುವುದು ಬೀದಿಯಲ್ಲಿರುವ ನಮ್ಮ ಕೆಲಸ.