ಹಿಂಬಾಗಿಲಿಂದ ಹತ್ತಿದ ಮದುಮಗಳು

೧

ಈ ಕಥೆಯನ್ನು ಎಲ್ಲಿಂದ ಹೊರಡಿಸಬೇಕು? ಜಪಾನಿನ ಹರಾಜುಕಟ್ಟೆಯಿಂದಲೆ? ಹಾಗೆಯೇ ಶುರುಮಾಡಿದ್ದೆ: ‘ಒಸಾಕಾದ ಮುದುಕರೊಬ್ಬರು ತಮ್ಮ ಬೆಳ್ಳಿ ಬಣ್ಣದ ಪ್ರಿಯಸ್ ಕಾರನ್ನು ಕೊನೆಯ ಸಲ ಒರೆಸಿದರು...’ ಹರಿದುಹಾಕಿದೆ. ಒಸಾಕಾವನ್ನು ನಾನು ಕಂಡಿಲ್ಲ. ಮುದುಕರು ಕಾರು ಒರೆಸಿದರೆಂಬುದಕ್ಕೆ ಆಧಾರವೂ ಇಲ್ಲ. (ಭೌತಶಾಸ್ತ್ರ ಪಾಠ ಮಾಡುವವನ ಚಟ ಇದು. ಆಧಾರವಿಲ್ಲದೆ ಕಣ್ಣೀರು ಕೂಡ ಬರುವುದಿಲ್ಲ.)

೨

ಎರಡನೆಯ ಡ್ರಾಫ್ಟ್ ಹಡಗಿನಲ್ಲಿತ್ತು, ಆಮೇಲೆ ಗೋಬಿ ದಾಟುವ ರೈಲಿನಲ್ಲಿ. ಮರಳು ಬಹಳ, ಘಟನೆ ಕಡಿಮೆ. ಬಿಟ್ಟೆ.

೩

ಸರಿ, ಗೋಬಿಯ ಆಚೆ, ಉಲಾನ್‌ಬಾತರಿನ ಗುಡ್ಡದ ಮೇಲೆ, ನಮ್ಮ ಓಣಿಯಲ್ಲೇ ಶುರುಮಾಡೋಣ. ಬಿಸಿಲಿದೆ, ಆದರೂ ಮೈನಸ್ ಇಪ್ಪತ್ತೈದು ಡಿಗ್ರಿ. ಪಕ್ಕದ ಗುಡಾರದ ಉರ್ನಾಗೆ ಇಂದು ಮದುವೆ. ಫೋನಿನಲ್ಲೇ ಹರಾಜು ಹಿಡಿದು ತರಿಸಿದ ಆ ಜಪಾನಿ ಕಾರನ್ನು ಕೆಳಪೇಟೆಯ ಮದುವೆ ಮಂಟಪದವರೆಗೆ ತಾನೇ ಓಡಿಸಿಕೊಂಡು ಹೋಗಬೇಕೆಂಬುದು ಅವಳ ಹಟ. ಕುದುರೆಯ ಗಳಿಗೆ, ಅಂದರೆ ನಡುಹಗಲಿನ ಎರಡು ತಾಸು, ಮುಗಿಯುವುದರೊಳಗೆ ಹೊರಡಬೇಕೆಂಬುದು ಲಾಮಾ ಇಟ್ಟುಕೊಟ್ಟ ಮುಹೂರ್ತ. ಅದು ತಪ್ಪಿದರೆ ಮದುವೆ ಹೊಸವರ್ಷದ ಬಿಳಿ ತಿಂಗಳಿನ ಆಚೆಗೆ ಎಂಬುದು ತಾಯಿ ದುಲ್ಮಾಳ ತೀರ್ಪು.

೪

ಇಲ್ಲಿಯ ಪದ್ಧತಿಯಂತೆ ಹೊರಟ ಗಾಡಿಯ ಗಾಲಿಗಳಿಗೆ ನಾಲ್ಕು ಹನಿ ಹಾಲು ಚಿಮುಕಿಸಿದರೆ ಸಾಕು. ಆದರೆ ದುಲ್ಮಾ ಕುದುರೆಗಳ ನಡುವೆ ಬೆಳೆದವಳು. ಪಂದ್ಯ ಗೆದ್ದ ಕುದುರೆಗೆ ನೆತ್ತಿಯಿಂದ ಬಾಲದವರೆಗೆ ಎರೆಯುತ್ತಾರೆ; ಸಮುದ್ರ ದಾಟಿ ಬಂದದ್ದು ಅದಕ್ಕಿಂತ ಕಡಿಮೆಯೆ? ಒಲೆಯಿಂದ ಬೆಚ್ಚಗಿನ ಹಾಲು ತಂದು ಕಾರಿನ ಮೂತಿಗೆ, ನೆತ್ತಿಗೆ, ಎರಡೂ ಪಕ್ಕೆಗೆ ಸುರಿದಳು. ಬಾಲದ ಹತ್ತಿರ ಬರುವಷ್ಟರಲ್ಲಿ ಪಾತ್ರೆ ಬರಿದಾಯಿತು. ಹಾಲು ಬಾಗಿಲ ಸಂದುಗಳಿಗೆ ಇಳಿದು ಕಲ್ಲಾಯಿತು. ನಾಲ್ಕು ಬಾಗಿಲೂ ಕಚ್ಚಿಕೊಂಡವು.

“ಅಮ್ಮಾ, ಏನ್ ಮಾಡ್ಬಿಟ್ಟೆ!”

“ಹರಸಿದೆ ಕಣೇ. ಅದೂ ತಪ್ಪಾ?”

“ಹರಸಿದ್ದಲ್ಲ, ಅಂಟಿಸಿದ್ದು!”

೫

ಇಲ್ಲಿ ಓದುಗರಿಗೆ ಎರಡು ಅಂತ್ಯಗಳನ್ನು ಕೊಡೋಣವೆಂದಿದ್ದೆ.

ಅಂತ್ಯ ಒಂದು: ಕುದಿಯುವ ಚಹಾ ಎರಚುತ್ತಾರೆ. ಗಾಜು ಸೀಳುತ್ತದೆ. (ದುರಂತ. ಬೇಡ.)

ಅಂತ್ಯ ಎರಡು: ಉರ್ನಾಳ ಸೋದರಮಾವ ಗೊಂಬೋ ವೋಡ್ಕಾ ತಂದು ಸುರಿಯುತ್ತಾನೆ. ಮದ್ಯಸಾರಕ್ಕೆ ಮಂಜುಗಡ್ಡೆ ಕರಗುತ್ತದೆ. ವಿಜ್ಞಾನಕ್ಕೆ ಜಯ.

ಅಷ್ಟರಲ್ಲಿ ಗೊಂಬೋ ಹಾಳೆಯ ಅಂಚಿನಿಂದ ತಲೆ ತೂರಿಸಿದ.

“ಮೇಷ್ಟ್ರೇ, ಮದುವೆ ವೋಡ್ಕಾನ ಬಾಗಿಲಿಗೆ ಕುಡಿಸ್ತೀರಾ? ಕಥೆ ಅಂತ ಸುಮ್ನಿದ್ರೆ!”

“ಮದುವೇನೇ ನಿಂತುಹೋಗ್ತಿದೆಯಲ್ಲ ಗೊಂಬೋ.”

“ನೀವು ಬರೀತಾ ಕೂತಿರೋದಕ್ಕೇ ಹೊತ್ತು ಹೋಗ್ತಿರೋದು. ಪೆನ್ನು ಕೆಳಗಿಡಿ, ಬಂದು ಹುಡುಗಿ ನಿಲುವಂಗಿ ಎತ್ತಿ ಹಿಡ್ಕೊಳ್ಳಿ.”

೬

ಪೆನ್ನು ಕೆಳಗಿಟ್ಟೆ. (ಹಾಗಾದರೆ ಇದನ್ನು ಬರೆಯುತ್ತಿರುವವರು ಯಾರು? ಕೇಳಬೇಡಿ, ಮುಹೂರ್ತ ಮೀರುತ್ತಿದೆ.) ಗೊಂಬೋ ಹಿಂದೆ ಹೋಗಿ ಡಿಕ್ಕಿಯ ಗುಂಡಿ ಒತ್ತಿದ. ಹಾಲು ತಲುಪದ ಆ ಬಾಗಿಲು ಮಾತ್ರ ಸಲೀಸಾಗಿ ಮೇಲೆದ್ದು ಒಳಗಿನ ಸೀಟುಗಳು ಕಂಡವು.

ದುಲ್ಮಾ ಅಡ್ಡ ನಿಂತಳು. “ಮದುಮಗಳು ಮೂಟೆ ಥರ ಡಿಕ್ಕೀಲಿ ನುಗ್ತಾಳಾ? ಬೀಗರು ಏನಂದಾರು? ಬೇಡ. ಬಿಳಿ ತಿಂಗಳು ಕಳೀಲಿ.”

ಉರ್ನಾಳ ಕಣ್ಣೀರು ರೆಪ್ಪೆಯಲ್ಲೇ ಮಂಜಾಯಿತು. ಇದಕ್ಕೆ ನನ್ನಲ್ಲಿ ಸೂತ್ರವಿರಲಿಲ್ಲ.

ಗೊಂಬೋ ಕೇಳಿದ: “ಅಕ್ಕಾ, ನಮ್ಮ ಗುಡಾರಕ್ಕೆ ಎಷ್ಟು ಬಾಗಿಲು?”

“ಒಂದು. ಇದೇನ್ ಪ್ರಶ್ನೆ?”

“ಇದಕ್ಕೂ ಇವತ್ತು ಒಂದೇ. ಗುಡಾರದ ಬಾಗಿಲಿಂದ ಒಳಗೆ ಬಂದ್ರೆ, ಎದುರಿನ ತುದೀಲಿ ಯಾರನ್ನ ಕೂರಿಸ್ತೀಯಾ?”

“ದೇವರ ಜಾಗ ಅದು. ದೊಡ್ಡೋರನ್ನ ಕೂರಿಸ್ತೀವಿ.”

“ಹಾಗಾದ್ರೆ ಇಲ್ಲಿಂದ ನೋಡು. ಎದುರಿನ ತುದೀಲಿ ಏನಿದೆ?”

ದುಲ್ಮಾ ಬಗ್ಗಿ ನೋಡಿದಳು. ಸ್ಟೀರಿಂಗು. ಅಲ್ಲೇ ಮಗಳು ಕೂರಬೇಕಾದ ಸೀಟು. ಆಮೇಲೆ ಮಗಳ ಕಡೆ ತಿರುಗಿ ಗದರಿದಳು: “ಏನ್ ನೋಡ್ತಾ ನಿಂತಿದೀಯಾ? ಹತ್ತು! ಹೊಸ್ತಿಲು ತುಳೀಬೇಡ, ದಾಟು.”

೭

ಉರ್ನಾ ಅಂಬೆಗಾಲಿಡುತ್ತ ಸೀಟುಗಳನ್ನು ದಾಟಿ ದೇವರ ಜಾಗ ಸೇರಿದಳು. ರೇಷ್ಮೆ ನಿಲುವಂಗಿಯ ಅಂಚು ನನ್ನ ಕೈಯಲ್ಲಿತ್ತು. ಹಿಂದಿನಿಂದ ದುಲ್ಮಾ, ಅವಳ ಹಿಂದೆ ಗೊಂಬೋ ಮತ್ತು ವೋಡ್ಕಾ. ಉರ್ನಾ ಗುಂಡಿ ಒತ್ತಿದಳು. ಹೈಬ್ರಿಡ್ ಕಾರು, ಸದ್ದಿಲ್ಲ.

“ಸತ್ತಿದೆ,” ಎಂದಳು ದುಲ್ಮಾ.

ಆಗ ಕಾರಿನೊಳಗಿಂದ ಒಬ್ಬ ಹೆಂಗಸು ಜಪಾನಿಯಲ್ಲಿ ಇಂಪಾಗಿ ಏನೋ ಹೇಳಿದಳು.

“ಏನಂತೆ ಅವಳದು?”

“ಹೊತ್ತಾಯ್ತು, ಹೊರಡಿ ಅಂತಾಳಮ್ಮ.”

(ಜಪಾನಿನ ರಸ್ತೆ ಸುಂಕದ ಕಾರ್ಡು ಹಾಕಿಲ್ಲ ಎನ್ನುತ್ತಾಳೆ ಆ ಯಂತ್ರದ ಹೆಂಗಸು. ಈ ಊರಿನ ಎಷ್ಟೋ ಕಾರುಗಳಲ್ಲಿ ಅವಳು ಅದನ್ನೇ ಹೇಳುತ್ತ ಬದುಕಿದ್ದಾಳೆ. ಗೊತ್ತಿರುವವರು ಸುಮ್ಮನಿರಿ.)

“ಹೊರಟ್ವಿ ಕಣಮ್ಮ, ಹೊರಟ್ವಿ,” ಎಂದು ದುಲ್ಮಾ ಅವಳಿಗೆ ಉತ್ತರ ಕೊಟ್ಟಳು. ಹೊರಗೆ ಉಳಿದು ಡಿಕ್ಕಿ ಮುಚ್ಚಿದ್ದು ನಾನು. ಕುದುರೆಯ ಗಳಿಗೆ ಇನ್ನೂ ಇತ್ತು.

೮

ಇನ್ನು ಮುಗಿಸಬೇಕು. ದಾರಿಯಲ್ಲಿ ಬಾಗಿಲುಗಳು ಕರಗಿದವೆ? ಲೆಕ್ಕ ಹಾಕುತ್ತಿದ್ದಾಗ ಫೋನು ಬಂತು. ದುಲ್ಮಾ. ಹಿನ್ನೆಲೆಯಲ್ಲಿ ಕುದುರೆತಲೆ ಕೆತ್ತಿದ ಪಿಟೀಲಿನ ನಾದ, ನಗೆಯ ಗದ್ದಲ.

“ಮೇಷ್ಟ್ರೇ, ಮಂಟಪದ ಮುಂದೇ ಇದೀವಿ. ಅಳಿಯ ಡಿಕ್ಕಿ ಹತ್ರ ಕೈ ಚಾಚ್ಕೊಂಡು ನಿಂತಿದಾನೆ. ಕಥೆ ಮುಗಿಸ್ಬಿಟ್ರಾ?”

“ಮುಗಿಸ್ತಾ ಇದೀನಿ.”

“ಮುಗಿಸ್ಬೇಡಿ, ನಾವಿನ್ನೂ ಇಳಿದಿಲ್ಲ. ಬೇಗ ಒಂದು ಪಾತ್ರೆ ಹಾಲು ಕಾಯಿಸ್ಕೊಂಡು ಬನ್ನಿ. ಬಾಲಕ್ಕೆ ಎರೆಯೋದು ಬಾಕಿ ಉಳೀತು!”

ಹಾಲು ಒಲೆಯ ಮೇಲಿದೆ. ಇನ್ನೂ ಉಕ್ಕಿಲ್ಲ.